22,500 ರೂಪಾಯಿಯ ‘ಐ5 ಗೇಮಿಂಗ್ ಪಿಸಿ’ ಬಿಚ್ಚಿದಾಗ ಒಳಗೆ ಸಿಕ್ಕಿದ್ದು

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: ‘ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಕ್ಯಾಬಿನೆಟ್, ಹೊಸ ಪಿಸಿ, ಒಂದು ವರ್ಷ ವಾರಂಟಿ. ಬರೀ 22,500!’ ರೀಲ್ಸ್‌ನಲ್ಲಿ ನೋಡಿ, ಮುಂಗಡವಾಗಿ ಪೂರ್ತಿ ಹಣ ಕಳಿಸಿ, ಪಾರ್ಸೆಲ್‌ನಲ್ಲಿ ತರಿಸಿಕೊಂಡ ಪಿಸಿ. ಮೊದಲ ದಿನವೇ ವ್ಯಾಲೊರಂಟ್ ಎಂಬ ಆನ್‌ಲೈನ್ ಗೇಮ್ ತೆರೆಯಲಿಲ್ಲ. ಗ್ರಾಫಿಕ್ಸ್‌ಗೆ ಹೊಸ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿದ್ದಕ್ಕೆ ಪರದೆ ಕಪ್ಪಾಯಿತು. ಮೂರನೇ ವಾರ ಜಿಟಿಎ 5 ನಡೆಯುತ್ತಿದ್ದಾಗಲೇ ‘ಟಪ್’ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು, ಅಲ್ಲಿಗೆ ಕಥೆ ಮುಗಿಯಿತು. ಮಾರಿದವರ ಉತ್ತರ: ‘ಬರ್ನಿಂಗ್ ವಾರಂಟಿಗೆ ಬರಲ್ಲ ಸರ್, ನಿಮ್ಮನೆ ಕರೆಂಟ್ ಪ್ರಾಬ್ಲಂ.’

ಮನೆಯ ಕರೆಂಟಿನ ತಪ್ಪೇನೂ ಇರಲಿಲ್ಲ. ಬಿಡಿಭಾಗಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದರೆ, ಆ ಜಾಹೀರಾತಿನಲ್ಲಿ ನೇರ ಸುಳ್ಳು ಕಡಿಮೆ. ಐ5 ಇತ್ತು, 16 ಜಿಬಿ ಇತ್ತು, ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಹಂಚುವ ಡಬ್ಬ) ಲೇಬಲ್ ಮೇಲೆ 450 ವ್ಯಾಟ್ ಅಂತಲೂ ಇತ್ತು. ಕೇಳಲು ದೊಡ್ಡದಾದ ಅಂಕಿಯನ್ನು ಮುಂದಿಟ್ಟು, ಲೆಕ್ಕಕ್ಕೆ ಬರುವ ಅಂಕಿಯನ್ನು ನುಂಗಿಬಿಡುವುದೇ ಈ ವ್ಯಾಪಾರದ ಕೈಚಳಕ. ಹಾಗಾಗಿ ಇಂಥ ಜಾಹೀರಾತಿನಲ್ಲಿ ಏನು ಬರೆದಿಲ್ಲ ಎಂಬುದನ್ನು ಮೊದಲು ಓದಬೇಕು.

ಐ5ರಿಂದಲೇ ಶುರುಮಾಡೋಣ. ಅದು ಇಂಟೆಲ್ ಪ್ರೊಸೆಸರ್‌ಗಳ ಮನೆತನದ ಹೆಸರಿದ್ದಂತೆ. ತಾತನಿಗೂ ಅದೇ, ಮೊಮ್ಮಗನಿಗೂ ಅದೇ. ಮುಂದಿನ ಅಂಕಿಯೇ ಮುಖ್ಯ. ಈ ಪಿಸಿಯಲ್ಲಿ ಇದ್ದದ್ದು ಐ5-2400. ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ನಾಲ್ಕಂಕಿ ಇದ್ದರೆ ಮೊದಲ ಅಂಕಿಯೇ ತಲೆಮಾರು, ಅಂದರೆ ಎರಡನೆಯದು, 2011ರ ಜನವರಿಯಲ್ಲಿ ಬಂದದ್ದು. ಐದಂಕಿ ಇದ್ದರೆ ಮೊದಲ ಎರಡು ಅಂಕಿ ನೋಡಬೇಕು. ಐ5-12400 ಹನ್ನೆರಡನೇ ತಲೆಮಾರು, 2022ರದ್ದು. ಮುಂದಿನ ಒಂದು ‘1’ ಅಳಿಸಿದರೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಿಬಿಡುತ್ತೀರಿ. 2400ಕ್ಕೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕೇ ಥ್ರೆಡ್ (ಏಕಕಾಲಕ್ಕೆ ನಡೆಸುವ ಕೆಲಸ). ಎವಿಎಕ್ಸ್2 ಎಂಬ ಸೂಚನಾ ಗುಂಪು ಇದರಲ್ಲಿಲ್ಲ. ಅದು ಇಂಟೆಲ್‌ಗೆ ಬಂದದ್ದು 2013ರ ನಾಲ್ಕನೇ ತಲೆಮಾರಿನಲ್ಲಿ. ಅದನ್ನು ಬೇಡುವ ಗೇಮ್‌ಗಳು ಇಂಥ ಪ್ರೊಸೆಸರ್ ಮೇಲೆ ನಿಧಾನವಾಗಿಯೂ ಓಡುವುದಿಲ್ಲ, ತೆರೆಯುವುದೇ ಇಲ್ಲ.

ವ್ಯಾಲೊರಂಟ್ ತೆರೆಯದಿದ್ದ ಕಾರಣ ಬೇರೆ. ವಿಂಡೋಸ್ 11ರಲ್ಲಿ ಅದಕ್ಕೆ ಟಿಪಿಎಂ 2.0 (ಪಿಸಿಯೊಳಗಿನ ಭದ್ರತಾ ಘಟಕ) ಮತ್ತು ಸೆಕ್ಯೂರ್ ಬೂಟ್ (ಅಸಲಿ ತಂತ್ರಾಂಶದಿಂದಲೇ ಪಿಸಿ ಆನ್ ಆಗುವಂತೆ ಕಾಯುವ ವ್ಯವಸ್ಥೆ) ಎರಡೂ ಬೇಕು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್ ಎಂಟನೇ ತಲೆಮಾರು ಅಥವಾ ಎಎಂಡಿ ಕಂಪನಿಯ ರೈಜನ್ 2000 ಸರಣಿಯಿಂದ ಮೇಲೆ. ಮಾರಿದವರು ಆ ತಪಾಸಣೆ ತಪ್ಪಿಸಿ ವಿಂಡೋಸ್ 11 ಕೂರಿಸಿದ್ದರು, ಕ್ರ್ಯಾಕ್ ಹಾಕಿ ಆಕ್ಟಿವೇಟ್ ಮಾಡಿದ್ದರು, ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರ್ ಆಫ್ ಮಾಡಿದ್ದರು. ವಿಂಡೋಸ್‌ಗೆ ಟೋಪಿ ಹಾಕಬಹುದು, ಗೇಮಿನ ಆಂಟಿ-ಚೀಟ್‌ಗೆ (ಮೋಸ ತಡೆಯುವ ತಂತ್ರಾಂಶ) ಹಾಕಲಾಗದು. ವಿಂಡೋಸ್ 10ಕ್ಕೆ ಮರಳೋಣವೆಂದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದಹಾಗೆ, ಯಾರೇ ವಿಂಡೋಸ್ ಹಾಕಿಕೊಟ್ಟ ಪಿಸಿ ಬಂದರೂ ಮೊದಲು ಡ್ರೈವ್ ಪೂರ್ತಿ ಅಳಿಸಿ ನೀವೇ ಹೊಸದಾಗಿ ಹಾಕಿಕೊಳ್ಳಿ. ಡಿಫೆಂಡರ್ ಆಫ್ ಆಗಿರುವ ಪಿಸಿಯಲ್ಲಿ ಯುಪಿಐ, ನೆಟ್‌ಬ್ಯಾಂಕಿಂಗ್ ಮುಟ್ಟಲೇಬೇಡಿ.

‘ಹೊಸ ಪಿಸಿ’ ಎಂಬ ಮಾತಿಗೆ ಆಧಾರ ಮದರ್‌ಬೋರ್ಡ್. ಹೆಸರಿಲ್ಲದ ಎಚ್61 ಬೋರ್ಡ್‌ಗಳು ಇವತ್ತಿಗೂ ಹೊಸ ಡಬ್ಬದಲ್ಲಿ ಬರುತ್ತವೆ, ಎಂ.2 ಸ್ಲಾಟ್ (ಹೊಸ ಬಗೆಯ ಎಸ್‌ಎಸ್‌ಡಿ ಕೂರುವ ಜಾಗ) ಕೂಡ ಇಟ್ಟಿರುತ್ತಾರೆ. ಎಚ್61 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಮಾತ್ರ 2011ರದ್ದು. ಇದಕ್ಕೆ ಹೋಗುವುದು ಹಳೆ ತಲೆಮಾರಿನ ಡಿಡಿಆರ್3 ರ‍್ಯಾಮ್. ಅಂದರೆ ಆ ‘16 ಜಿಬಿ’ಯನ್ನು ಮುಂದೆ ಯಾವ ಹೊಸ ಬೋರ್ಡಿಗೂ ಸಾಗಿಸಲಾಗದು. 2025ರ ಕೊನೆಯಿಂದ ಹೊಸ ರ‍್ಯಾಮ್ ಬೆಲೆ ಏರಿ ಕೂತಿರುವುದರಿಂದ ಡಿಡಿಆರ್3 ಪಿಸಿಗಳನ್ನು ‘ಬಜೆಟ್’ ಹೆಸರಿನಲ್ಲಿ ದಾಟಿಸುವುದು ಇನ್ನೂ ಸುಲಭ. ಇದೇ ಜಾತಿಯ ಇನ್ನೊಂದು ಆಮಿಷ ‘14 ಕೋರ್ ಝಿಯಾನ್, 32 ಜಿಬಿ’. ಝಿಯಾನ್ ಇ5-2680 ವಿ4 ಎಂಬ 2016ರ ಸರ್ವರ್ ಪ್ರೊಸೆಸರ್ ಅದು, ಮೂಲ ವೇಗ 2.4, ಗರಿಷ್ಠ 3.3 ಗಿಗಾಹರ್ಟ್ಸ್. ರೆಂಡರಿಂಗ್‌ಗೆ ಪರವಾಗಿಲ್ಲ. ಗೇಮ್‌ಗಳಿಗೆ ಬೇಕಾದ್ದು ಪ್ರತಿ ಕೋರಿನ ವೇಗ, ಕೋರಿನ ಎಣಿಕೆಯಲ್ಲ. ಅದರೊಡನೆ ಬರುವ ಅಗ್ಗದ ‘ಎಕ್ಸ್99’ ಬೋರ್ಡ್‌ಗಳಲ್ಲಿ ಹಲವದರ ಮೇಲೆ ಇರುವುದು ಹಳೆ ಪಿಸಿಗಳಿಂದ ಕಿತ್ತ ಎಚ್81, ಬಿ85, ಕ್ಯೂ87 ಚಿಪ್‌ಗಳು.

ಈಗ ಆ ‘4 ಜಿಬಿ ಗ್ರಾಫಿಕ್ಸ್’. ಕಾರ್ಡಿನ ಹೆಸರು ಹೇಳದೆ ಜಿಬಿ ಮಾತ್ರ ಹೇಳಿದರೆ ಅಲ್ಲೇ ನಿಲ್ಲಿ. ಮಾಮೂಲಾಗಿ ಬರುವುದು ಜಿಟಿ 730. ಅದರ 64 ಬಿಟ್ ಡಿಡಿಆರ್3 ಮಾದರಿಯಲ್ಲಿ 4 ಜಿಬಿ ನಿಜವಾಗಿಯೂ ಇರುತ್ತದೆ; ಆದರೆ ಮೆಮೊರಿ ಹರಿಯುವ ವೇಗ ಸೆಕೆಂಡಿಗೆ ಸುಮಾರು 14 ಗಿಗಾಬೈಟ್. 2016ರ ಜಿಟಿಎಕ್ಸ್ 1050 ಟಿಐಗೆ ಅದು 112. ಸಾವಿರ ಲೀಟರ್ ಟ್ಯಾಂಕಿಗೆ ಅರ್ಧ ಇಂಚಿನ ಪೈಪು ಹಾಕಿದಂತೆ: ತುಂಬಿದ್ದೇನೋ ನಿಜ, ನಲ್ಲಿಯಲ್ಲಿ ಬರಬೇಕಲ್ಲ.

ಈ ಪಿಸಿಯಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ವಿಂಡೋಸ್‌ನಲ್ಲಿ ಹೆಸರು ‘ಜಿಟಿಎಕ್ಸ್ 1050 ಟಿಐ 4 ಜಿಬಿ’ ಅಂತಲೇ ತೋರಿಸುತ್ತಿತ್ತು. ಕಾರ್ಡನ್ನು ಬೇರೆ ಪಿಸಿಗೆ ಹಾಕಿ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) ತೆರೆದಾಗ ಹೆಸರಿನ ಆರಂಭದಲ್ಲೇ ‘ಫೇಕ್’ ಎಂಬ ಗುರುತು ಬಂತು. ಒಳಗಿದ್ದದ್ದು 2011ರ ಜಿಟಿಎಕ್ಸ್ 550 ಟಿಐ. ಅದರ ಬಯಾಸ್ (ಕಾರ್ಡಿನೊಳಗಿನ ಮೂಲ ತಂತ್ರಾಂಶ) ತಿದ್ದಿ 1050 ಟಿಐ ಎಂದು ಹೇಳುವಂತೆ ಮಾಡಿದ್ದರು. ಅಸಲಿ 1050 ಟಿಐಗೆ 768 ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ) ಇರಬೇಕು, ಚಿಪ್ಪಿನ ಹೆಸರು ಜಿಪಿ107 ಆಗಿರಬೇಕು. ಇದರಲ್ಲಿ ಇದ್ದದ್ದು 192 ಶೇಡರ್. ಮೆಮೊರಿ 4 ಜಿಬಿ ಎಂದು ಹೇಳಿಕೊಳ್ಳುತ್ತಿತ್ತು, ನಿಜವಾಗಿ ಇದ್ದದ್ದು 1 ಜಿಬಿ. ಗೇಮ್ ಅದನ್ನು ನಂಬಿ 1 ಜಿಬಿ ದಾಟಿದ ಕ್ಷಣ ಪರದೆ ಮೇಲೆ ಬಣ್ಣದ ಚೌಕಗಳು, ಆಮೇಲೆ ಕ್ರ್ಯಾಶ್. ಮಾರಿದವರು ಕೊಟ್ಟಿದ್ದು ತಿದ್ದಿದ ಡ್ರೈವರ್. ಆ ಹಳೆ ಚಿಪ್ಪಿಗೆ ಎನ್‌ವಿಡಿಯಾ 2018ರಲ್ಲೇ ಡ್ರೈವರ್ ನಿಲ್ಲಿಸಿದೆ, ಆದ್ದರಿಂದ ಹೊಸದು ಹಾಕಿದೊಡನೆ ಕಪ್ಪು ಪರದೆ.

ತಂತ್ರಾಂಶ ಇಲ್ಲದೆ ಕಣ್ಣಲ್ಲೇ ಹಿಡಿಯಲು ಒಂದು ದಾರಿ ಇದೆ. ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ನೋಡಿ. ಜಿಟಿಎಕ್ಸ್ 10 ಸರಣಿಯಿಂದ ಎನ್‌ವಿಡಿಯಾ ಆ ಅನಲಾಗ್ ಸಂಪರ್ಕವನ್ನೇ ತೆಗೆದುಹಾಕಿತು. ‘1050 ಟಿಐ’ ಎಂದು ಹೇಳುವ ಕಾರ್ಡಿನಲ್ಲಿ ವಿಜಿಎ ಇದ್ದರೆ ಅನುಮಾನಕ್ಕೆ ಅಷ್ಟೇ ಸಾಕು. ಜಿಪಿಯು-ಝಡ್‌ನ ಕೆಳಗಿನ ಸಾಲಿನಲ್ಲಿ ವಲ್ಕನ್ (ಹೊಸ ಗೇಮ್‌ಗಳು ಬಳಸುವ ಗ್ರಾಫಿಕ್ಸ್ ವ್ಯವಸ್ಥೆ) ಎದುರಿನ ಚೌಕ ಖಾಲಿ ಇದ್ದರೂ ಹಾಗೆಯೇ. 550 ಟಿಐ ವಂಶಕ್ಕೆ ವಲ್ಕನ್ ಬರಲೇ ಇಲ್ಲ.

ಅಸಲಿ ಕಾರ್ಡಿನಲ್ಲೂ ಎಡವುವ ಜಾಗಗಳಿವೆ. ಎಎಂಡಿಯ ‘ಆರ್‌ಎಕ್ಸ್ 580 8 ಜಿಬಿ’ ಎಂದು ಬರುವವುಗಳಲ್ಲಿ ಬಹಳಷ್ಟು 2048ಎಸ್‌ಪಿ ಮಾದರಿ. ನಿಜವಾದ 580ಕ್ಕೆ 2304 ಸ್ಟ್ರೀಮ್ ಪ್ರೊಸೆಸರ್ (ಶೇಡರ್‌ಗೆ ಎಎಂಡಿ ಇಟ್ಟ ಹೆಸರು). 2048 ಎಂದರೆ ಅದು 570ರ ಇನ್ನೊಂದು ಹೆಸರು. 570ರ ಬೆಲೆಗೆ ಸಿಕ್ಕರೆ ಬೇಸರವಿಲ್ಲ, 580ರ ಬೆಲೆ ಕೊಡಬೇಡಿ. ಮೇಲಾಗಿ ಇವುಗಳಲ್ಲಿ ಅನೇಕ ಕಾರ್ಡುಗಳು ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದು ಬಂದವು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಮಾರುಕಟ್ಟೆಗೆ ಬಿದ್ದವು. ಫ್ಯಾನ್ ಬೇರಿಂಗ್ ಸವೆದಿರುತ್ತದೆ, ಥರ್ಮಲ್ ಪ್ಯಾಡ್ ಒಣಗಿರುತ್ತದೆ, ಬಯಾಸ್ ಮೈನಿಂಗ್‌ಗೆ ತಿದ್ದಿದ್ದೇ ಉಳಿದಿರುತ್ತದೆ. ಹಾಗಿದ್ದರೆ ಎಎಂಡಿಯ ಡ್ರೈವರ್ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಎದುರಿಗೇ ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಹೊರೆ ಹಾಕಿ ನೋಡುವ ತಂತ್ರಾಂಶ) ಹದಿನೈದು ನಿಮಿಷ ಓಡಿಸಿ ನೋಡಬೇಕು. ಐದೇ ನಿಮಿಷಕ್ಕೆ ‘ಸಾಕು ಬಿಡಿ ಸರ್’ ಅಂದರೆ ನೀವೂ ಸಾಕು ಅನ್ನಿ.

ಇನ್ನು ಸತ್ತ ಎಸ್‌ಎಂಪಿಎಸ್. ಅದರ ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್. ಕೆಳಗಿನ ಚಿಕ್ಕ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನ ಎದುರು 14 ಆಂಪಿಯರ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟ್‌ನಿಂದಲೇ. 12ನ್ನು 14ರಿಂದ ಗುಣಿಸಿ: 168 ವ್ಯಾಟ್. ಐ5-2400ಕ್ಕೆ 95 ವ್ಯಾಟ್, 550 ಟಿಐಗೆ 116 ವ್ಯಾಟ್, ಅಲ್ಲಿಗೇ 211. ಬೋರ್ಡು, ಫ್ಯಾನು, ದೀಪ ಸೇರಿದರೆ 250ರ ಹತ್ತಿರ. ಗೇಮ್ ಆಡಿದಾಗಲೆಲ್ಲ ಅದು ತನ್ನ ಶಕ್ತಿಗೆ ಮೀರಿ ಹೊತ್ತಿದೆ. ಮೂರು ವಾರ ತಡೆದದ್ದೇ ಹೆಚ್ಚು. ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್ ಲೇಬಲ್‌ನಲ್ಲಿ 12 ವೋಲ್ಟ್ ಎದುರು 35 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ ಬಹುಪಾಲು ಪೂರ್ತಿ ವ್ಯಾಟ್ ಅಲ್ಲಿಯೇ ಸಿಗುತ್ತದೆ.

ಜೊತೆಗೆ ಇನ್ನೊಂದು ಪಾಪ: ಗ್ರಾಫಿಕ್ಸ್ ಕಾರ್ಡಿನ 6 ಪಿನ್ ಕನೆಕ್ಟರ್ ಆ ಎಸ್‌ಎಂಪಿಎಸ್‌ನಲ್ಲಿ ಇರಲೇ ಇಲ್ಲ. ನಾಲ್ಕು ಪಿನ್ನಿನ ಹಳೆ ಮಾದರಿಯ ಮೋಲೆಕ್ಸ್ ಕನೆಕ್ಟರ್‌ಗೆ ಕನ್ವರ್ಟರ್ ಹಾಕಿ ಎಳೆದಿದ್ದರು. 6 ಪಿನ್‌ಗೆ 75 ವ್ಯಾಟ್, 8 ಪಿನ್‌ಗೆ 150 ವ್ಯಾಟ್ ಲೆಕ್ಕ. ತೆಳು ವೈರಿನಲ್ಲಿ ಅಷ್ಟು ಹರಿದರೆ ಪ್ಲಾಸ್ಟಿಕ್ ಕರಗುತ್ತದೆ. ಎಸ್‌ಎಂಪಿಎಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪಿನ್ ಇಲ್ಲವೆಂದರೆ, ಆ ಕಾರ್ಡು ಹೊರುವ ತಾಕತ್ತು ತನಗಿಲ್ಲವೆಂದು ಅದೇ ಹೇಳುತ್ತಿದೆ. ಕೈಯಲ್ಲಿ ಎತ್ತಿ ನೋಡಿದರೂ ಸುಳಿವು ಸಿಗುತ್ತದೆ: ಲೋಕಲ್ ಮಾಲು ಒಂದು ಕೆಜಿಯೂ ತೂಗುವುದಿಲ್ಲ. ಹಿಂದೆ 110/230ರ ಕೆಂಪು ಸ್ವಿಚ್ ಇದ್ದರೆ ಹಳೆ ಕಾಲದ ವಿನ್ಯಾಸ. ಕುತೂಹಲಕ್ಕೆ ಮುಚ್ಚಳ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು. ಈ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಎಲ್ಲ ಕಡೆ ಉಳಿಸಿ, ಇಲ್ಲಿ ಉಳಿಸಬೇಡಿ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹೆಸರಿಲ್ಲದ್ದು, ಆದರೆ 512 ಜಿಬಿ ನಿಜವಾಗಿಯೂ ಇತ್ತು. ದೊಡ್ಡ ಗೇಮ್ ಕಾಪಿ ಮಾಡುವಾಗ ಅರ್ಧದಲ್ಲಿ ಹಾರ್ಡ್ ಡಿಸ್ಕಿಗಿಂತ ನಿಧಾನವಾಗುತ್ತಿತ್ತು. ಜೊತೆಗೆ ‘1 ಟಿಬಿ ಹಾರ್ಡ್ ಡಿಸ್ಕ್ ಫ್ರೀ’ ಎಂದರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶದಲ್ಲಿ ಎಷ್ಟು ಗಂಟೆ ಓಡಿದೆ ನೋಡಿ. 30,000 ಗಂಟೆ ಎಂದರೆ ಹಗಲು ರಾತ್ರಿ ಸುಮಾರು ಮೂರೂವರೆ ವರ್ಷ, ಸಿಸಿಟಿವಿ ಡಿವಿಆರ್‌ನಿಂದ ಕಿತ್ತದ್ದಿರಬಹುದು.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಏನು ಮಾಡಬಹುದು? ಒಂದು ದಾರಿ, ಕಾರ್ಡ್ ಇಲ್ಲದೆ ಶುರುಮಾಡುವುದು. ರೈಜನ್ 5 5600ಜಿ ಪ್ರೊಸೆಸರ್‌ನಲ್ಲಿ ಆರು ಕೋರ್, ಒಳಗೇ ಗ್ರಾಫಿಕ್ಸ್ ಇದೆ; ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2ರಂಥವು ಕಡಿಮೆ ಸೆಟ್ಟಿಂಗ್‌ನಲ್ಲಿ ಆಡಬಹುದು. ಆದರೆ 16 ಜಿಬಿಯ ಒಂದೇ ಸ್ಟಿಕ್ ಹಾಕಿಸಬೇಡಿ. ಒಳಗಿನ ಗ್ರಾಫಿಕ್ಸ್ ಬದುಕುವುದು ರ‍್ಯಾಮ್ ಮೇಲೆ, 8 ಜಿಬಿಯ ಎರಡು ಬೇಕೇ ಬೇಕು. ಎಸ್‌ಎಂಪಿಎಸ್ ಈಗಲೇ ಒಳ್ಳೆಯ 550 ವ್ಯಾಟ್‌ನದ್ದು ಹಾಕಿದರೆ ಮುಂದೆ ಆರ್‌ಎಕ್ಸ್ 6600 ಮಟ್ಟದ ಕಾರ್ಡ್ ಸೇರಿಸಬಹುದು. ಇದರ ಜೊತೆ ಆರ್‌ಎಕ್ಸ್ 6400, 6500 ಎಕ್ಸ್‌ಟಿ ಬೇಡ: ಅವು ಬೋರ್ಡಿನೊಡನೆ ಮಾಹಿತಿ ಸಾಗಿಸಲು ನಾಲ್ಕೇ ಲೇನ್ (ದಾರಿ) ಬಳಸುತ್ತವೆ, 5600ಜಿ ಹಳೆಯ, ನಿಧಾನದ ಪಿಸಿಐಇ 3.0 ಸಂಪರ್ಕಕ್ಕೆ ಸೀಮಿತ, ಹಾಗಾಗಿ ವೇಗ ಕಡಿತ.

ಇನ್ನೊಂದು, ಐ3-12100ಎಫ್ ಜೊತೆ ಆರ್‌ಟಿಎಕ್ಸ್ 3050 6 ಜಿಬಿ. ಆ ಕಾರ್ಡಿಗೆ 70 ವ್ಯಾಟ್ ಸಾಕು, ಹೆಚ್ಚಿನ ಮಾದರಿಗಳಿಗೆ ಬೇರೆ ಪಿನ್ ಬೇಡ. ಹೆಸರಿನ ಕೊನೆಯ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡು ಕೆಟ್ಟರೆ ಪರದೆಯೂ ಬರುವುದಿಲ್ಲ. ಎಚ್610 ಬೋರ್ಡ್ ಡಿಡಿಆರ್4ರದ್ದೋ 5ರದ್ದೋ ಕೇಳಿಯೇ ರ‍್ಯಾಮ್ ಕೊಳ್ಳಿ. ಇದೂ ಕೈಗೆಟುಕದಿದ್ದರೆ ಕಚೇರಿಗಳಿಂದ ಬಂದ ಐ5-8500ರ ಪಿಸಿ ಹುಡುಕಿ. ಆರು ಕೋರ್, ಎಂಟನೇ ತಲೆಮಾರು, ವಿಂಡೋಸ್ 11 ತಕರಾರಿಲ್ಲ. ಟವರ್ ಗಾತ್ರದ್ದೇ ಸಿಕ್ಕರೆ ಒಳ್ಳೆಯದು; ಚಪ್ಪಟೆ ಡಬ್ಬಕ್ಕೆ ಗಿಡ್ಡ ಕಾರ್ಡೇ ಬೇಕು, ಅದರ ಎಸ್‌ಎಂಪಿಎಸ್ ಅಳತೆಯೂ ಬೇರೆ, ಬದಲಿಸಲಾಗದು.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ, ‘ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ’ ಎಂಬ ಮಾತು ಕೇಳಿಸುತ್ತದೆ. ಬಿಳಿ ಚೀಟಿಯ ಎಸ್ಟಿಮೇಟ್‌ಗೆ ಒಪ್ಪಬೇಡಿ. ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ಅಂಗಡಿ ವಾರಂಟಿ ಬೇರೆ, ಕಂಪನಿ ವಾರಂಟಿ ಬೇರೆ. ಡಬ್ಬವಿಲ್ಲದ ಟ್ರೇ ಪ್ರೊಸೆಸರ್‌ಗೆ ಇಂಟೆಲ್, ಎಎಂಡಿಯ ಮೂರು ವರ್ಷದ ವಾರಂಟಿ ನಿಮಗೆ ನೇರವಾಗಿ ಸಿಗುವುದಿಲ್ಲ. ಪಾರ್ಸೆಲ್ ಆದರೆ ಟೇಪ್ ಕತ್ತರಿಸುವ ಮೊದಲೇ ವಿಡಿಯೊ ಶುರುಮಾಡಿ, ಆನ್ ಆಗಿ ಜಿಪಿಯು-ಝಡ್ ತೋರಿಸುವವರೆಗೆ ನಿಲ್ಲಿಸಬೇಡಿ.

ಈಗಾಗಲೇ ಸಿಕ್ಕಿಬಿದ್ದವರು ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ, ಯುಪಿಐ ರಸೀದಿ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ಮಾರಿದವರು ಎಲ್ಲೇ ಇರಲಿ, ನಿಮ್ಮ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಬಿಚ್ಚಿದ ಭಾಗಗಳನ್ನು ಎಸೆಯಬೇಡಿ, ಅವೇ ಸಾಕ್ಷಿ.

ಈ ಪಿಸಿಯಲ್ಲಿ ಮುಂದೆಯೂ ಬಳಸಬಹುದಾದದ್ದು ಕ್ಯಾಬಿನೆಟ್ ಮತ್ತು ಅದರ ನಾಲ್ಕು ದೀಪದ ಫ್ಯಾನ್.