ಕಾನೂನು ಪಿಎಚ್‌ಡಿಯಲ್ಲಿ ಸ್ವತಂತ್ರ ಅಧ್ಯಯನ: ಗೈಡ್ ನೋಡಿ ತಗೊಳ್ಳಿ

ಕಾನೂನಿನಲ್ಲಿ ಪಿಎಚ್‌ಡಿಗೆ ಸೇರಿದ ನಮ್ಮ ಕಾಸರಗೋಡಿನ ಇಬ್ಬರು ಮೊನ್ನೆ ಕೇಳಿದರು, ಥೀಸಿಸ್‌ಗೆ ಮೊದಲು ಮುಗಿಸಬೇಕಾದ ಕೋರ್ಸ್‌ವರ್ಕ್‌ನಲ್ಲಿ ಸ್ವತಂತ್ರ ಅಧ್ಯಯನದ ಪೇಪರ್ ತಗೊಳ್ಳಬಹುದಾ ಅಂತ. ತಗೊಳ್ಳಿ. ಆದರೆ ಗೈಡ್ ಯಾರು ಅಂತ ನೋಡಿ ತಗೊಳ್ಳಿ.

ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಬೇಕು. ನಮ್ಮ ವಿಶ್ವವಿದ್ಯಾಲಯದಲ್ಲಿ ಅದರ 4 ಕ್ರೆಡಿಟ್ ಸ್ವತಂತ್ರ ಅಧ್ಯಯನಕ್ಕೆ. ಕ್ಲಾಸ್ ಇಲ್ಲ, ಪರೀಕ್ಷೆ ಇಲ್ಲ. ವಿಷಯ ನಾವೇ ಆರಿಸಬೇಕು, ಹದಿನೈದು ದಿನಕ್ಕೊಮ್ಮೆ ಬರೆದದ್ದನ್ನು ಗೈಡ್‌ಗೆ ತೋರಿಸಬೇಕು, ಕೊನೆಗೆ ಒಂದು ದೊಡ್ಡ ಪ್ರಬಂಧ ಕೊಡಬೇಕು.

ನನ್ನ ವಿಷಯ ಗಡಿನಾಡಿನ ಭಾಷಾ ಹಕ್ಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ರಾಜ್ಯ ಪುನರ್ವಿಂಗಡಣೆ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂದ 1967ರ ಮಹಾಜನ ವರದಿ, ಭಾಷಾ ಅಲ್ಪಸಂಖ್ಯಾತರ ಬಗ್ಗೆ ಹೇಳುವ ಸಂವಿಧಾನದ 350ಎ, 350ಬಿ ವಿಧಿ, ಎಲ್ಲ ಸೇರಿಸಿ 22 ಪುಟದ ಕರಡು ಮಾಡಿದ್ದೆ. ನನ್ನ ಗೈಡ್ ಮೇಡಂ ಪೂರ್ತಿ ಓದಿದ್ದರು. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್ ಗುರುತು.

"ಇದೆಲ್ಲ ಗೊತ್ತಿರುವುದೇ. ನಿನ್ನ ಪ್ರಶ್ನೆ ಎಲ್ಲಿದೆ?"

ನನಗೆ ಉತ್ತರ ಹೊಳೆಯಲಿಲ್ಲ. ಬ್ಯಾಗಿನಲ್ಲಿ ಅಪ್ಪನ ಕಾಗದ ಇತ್ತು. ಅವರು ಕನ್ನಡದಲ್ಲಿ ಕೊಟ್ಟ ಅರ್ಜಿ, ಅದಕ್ಕೆ ಇಲ್ಲಿನ ಒಂದು ಕಚೇರಿಯಿಂದ ಮಲಯಾಳಂನಲ್ಲಿ ಬಂದ ಉತ್ತರ. ಎರಡನ್ನೂ ಮೇಜಿನ ಮೇಲಿಟ್ಟೆ. ಮೇಡಂಗೆ ಕನ್ನಡ ಬರುವುದಿಲ್ಲ, ಓದಿ ಹೇಳು ಅಂದರು. ಆಮೇಲೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ತೆಗೆದು ಪಕ್ಕದಲ್ಲಿಟ್ಟರು. ನಮ್ಮಂಥ ಕಡೆ ಕನ್ನಡದವರು ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಅದರಲ್ಲಿದೆ.

"ಬರದಿದ್ದರೆ ನಿನ್ನ ಅಪ್ಪ ಯಾರ ಹತ್ತಿರ ಹೋಗಬೇಕು? ಅದನ್ನು ಬರಿ."

ಮೂರು ತಿಂಗಳು ಅದೊಂದೇ ಪ್ರಶ್ನೆ ಹಿಡಿದು ಕೂತೆ. 350ಬಿಯ ವಿಶೇಷಾಧಿಕಾರಿ ವಿಚಾರಣೆ ಮಾಡಿ ರಾಷ್ಟ್ರಪತಿಗೆ ವರದಿ ಕೊಡುತ್ತಾರೆ, ಆದರೆ ಕಚೇರಿಗೆ ಹೀಗೆ ಮಾಡಿ ಅಂತ ಆದೇಶಿಸುವ ಅಧಿಕಾರ ಆ ವಿಧಿಯಲ್ಲಿಲ್ಲ. 226ನೇ ವಿಧಿಯಲ್ಲಿ ಹೈಕೋರ್ಟಿಗೆ ರಿಟ್ ಹಾಕಬಹುದು, ಸರಿ, ಆದರೆ ಒಂದು ಕಾಗದಕ್ಕಾಗಿ ಇಲ್ಲಿಂದ ಹೈಕೋರ್ಟ್ ಇರುವ ಎರ್ನಾಕುಳಂವರೆಗೆ ಎಷ್ಟು ಜನ ಹೋದಾರು? ಹಕ್ಕು ಇದೆ, ಅದನ್ನು ಕೇಳಿ ಪಡೆಯುವ ಹತ್ತಿರದ ದಾರಿ ಇಲ್ಲ. ನನ್ನ ಥೀಸಿಸ್ ಈಗ ನಿಂತಿರುವುದೇ ಇದರ ಮೇಲೆ. ಯಾವ ಕ್ಲಾಸಿನಲ್ಲಿ ಕೂತಿದ್ದರೂ ಇದು ಸಿಗುತ್ತಿರಲಿಲ್ಲ.

ತೊಂದರೆಯೂ ಇದೆ. ತೀರ್ಪುಗಳ ಡೇಟಾಬೇಸ್ ಮನೆಯಿಂದ ತೆರೆಯುವುದಿಲ್ಲ, ಪ್ರತಿ ಸಲ ಕ್ಯಾಂಪಸ್‌ಗೇ ಹೋಗಬೇಕು. ಅಂಕ ಬರಲು ನಾಲ್ಕು ತಿಂಗಳು ಕಾದೆ. ಬೇರೆ ಕಡೆ ಓದುವ ನನ್ನ ಗೆಳೆಯನಿಗಂತೂ ಗೈಡ್ ಇಡೀ ಸೆಮಿಸ್ಟರ್‌ನಲ್ಲಿ ಸಿಕ್ಕಿದ್ದು ಎರಡೇ ಸಲ. ಅಂಕ ಚೆನ್ನಾಗಿಯೇ ಬಂತು, ಆದರೆ ಪ್ರಬಂಧದ ಮೇಲೆ ಒಂದು ಗೆರೆಯೂ ಇರಲಿಲ್ಲ. ಪಾಪ, ಅವನ ಅರ್ಧ ವರ್ಷ ಸುಮ್ನೆ ಹೋಯಿತು.

ಫಾರ್ಮಿಗೆ ಸಹಿ ಹಾಕುವ ಮೊದಲು ಹತ್ತು ಪುಟ ಬರೆದು ಗೈಡ್ ಕೈಗೆ ಕೊಡಿ. ಒಂದೆರಡು ವಾರದಲ್ಲಿ ಗುರುತು ಬಿದ್ದು ವಾಪಸ್ ಬಂದರೆ ಧೈರ್ಯವಾಗಿ ತಗೊಳ್ಳಿ. ಬರದಿದ್ದರೆ ಕ್ಲಾಸ್ ಇರುವ ಪೇಪರೇ ವಾಸಿ.