ಬಾಲ್ಟಿಕ್ ಜೇಡವೋ, ಬರ್ಮಾದ ಹುಸಿಚೇಳೋ?

ಅಂಬರ್, ಅಂದರೆ ಕೋಟ್ಯಂತರ ವರ್ಷದಲ್ಲಿ ಕಲ್ಲಿನಂತಾದ ಮರದ ರಾಳ. ಅದರೊಳಗೆ ಸಿಕ್ಕಿಬಿದ್ದ ಎಂಟು ಕಾಲಿನ ಜೀವಿಗಳ ಹುಚ್ಚು ಹಿಡಿದವರು ಶಿವಮೊಗ್ಗದಲ್ಲೂ ಇದ್ದಾರೆ. ಹೊಸಬರು ಕೇಳೋದು ಒಂದೇ ಪ್ರಶ್ನೆ: ಯುರೋಪಿನ ಬಾಲ್ಟಿಕ್ ಸಮುದ್ರದ ಕಡೆಯದು ತಗೊಳ್ಳೋದಾ, ಬರ್ಮಾದ್ದಾ (ಈಗಿನ ಮ್ಯಾನ್ಮಾರ್)? ನನ್ನ ಹತ್ತಿರ ಎರಡೂ ಇವೆ. ಜೊತೆಗೆ ಕೊಲಂಬಿಯಾದ ಕೋಪಲ್ ಒಂದು, ಹೋಲಿಸೋಕೆ ಅಂತ ಇಟ್ಟುಕೊಂಡ ಪ್ಲಾಸ್ಟಿಕ್ ಚೇಳು ಒಂದು. ಎಲ್ಲವನ್ನೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದೇ ಲೂಪ್‌ನಲ್ಲಿ ನೋಡಿದೆ.

ಮೊದಲು ಕೋಪಲ್. ಇದು ಇನ್ನೂ ಎಳೆಯ ರಾಳ, ಅಂಬರ್ ಆಗೋಕೆ ಬಹಳ ಕಾಲ ಬೇಕು. ಮೂಲೆಗೆ ಒಂದು ಹನಿ ಅಸಿಟೋನ್ ಹಾಕಿದರೆ ಬೆರಳಿಗೆ ಅಂಟುತ್ತದೆ. ಬಾಲ್ಟಿಕ್‌ಗೆ ಅದೇ ಹನಿ ಹಾಕಿದರೆ ಏನೂ ಆಗಲ್ಲ. ಕೋಪಲ್ ಒಳಗಿನ ಜೇಡ ಮಾತ್ರ ಗಾಜಿನಷ್ಟು ಸ್ಪಷ್ಟ. ಲೂಪ್ ಹಿಡಿಯೋದು ಕಲಿಯೋಕೆ ಒಳ್ಳೇದು, ಪಳೆಯುಳಿಕೆ ಅಂತ ದುಡ್ಡು ಕೊಡಬೇಡಿ.

ಬಾಲ್ಟಿಕ್ ತುಂಡು ಸುಮಾರು ನಾಲ್ಕು ಕೋಟಿ ವರ್ಷ ಹಳೆಯದು. ನನ್ನದರಲ್ಲಿರೋದು ಎಳ್ಳಿಗಿಂತ ಸ್ವಲ್ಪ ದೊಡ್ಡ ಜೇಡ. ಹೊಟ್ಟೆಯ ಒಂದು ಬದಿಗೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಟ್ಟಿದೆ. ಈ ಪೊರೆ ಬಾಲ್ಟಿಕ್‌ನಲ್ಲಿ ಸಾಮಾನ್ಯ, ಅರ್ಧ ಜೀವಿಯನ್ನೇ ಮುಚ್ಚಿಬಿಡುತ್ತದೆ. ಆದರೆ ಪಕ್ಕದಲ್ಲೇ ಓಕ್ ಮರದ ನಕ್ಷತ್ರದಾಕಾರದ ಪುಟ್ಟ ಕೂದಲುಗಳು ತೇಲುತ್ತಿವೆ. ಬಾಲ್ಟಿಕ್ ಅಂತ ಗುರುತಿಸೋಕೆ ನಾನು ಮೊದಲು ಹುಡುಕೋದು ಇವನ್ನೇ. ಇನ್ನೊಂದು ಸೊಗಸು ಕೇಳಿ: ಉದ್ದ ಕುತ್ತಿಗೆಯ ಆರ್ಕೇಯಿಡೇ ಜೇಡಗಳನ್ನು 1854ರಲ್ಲಿ ವಿವರಿಸಿದ್ದು ಬಾಲ್ಟಿಕ್ ಅಂಬರ್ ನೋಡಿ. ಜೀವಂತವಾದವು ಮಡಗಾಸ್ಕರ್‌ನಲ್ಲಿ ಸಿಕ್ಕಿದ್ದು ಆಮೇಲೆ!

ಬರ್ಮಾದ್ದರ ಗತ್ತೇ ಬೇರೆ. ಕಚಿನ್ ರಾಜ್ಯದ ಹುಕಾಂಗ್ ಕಣಿವೆಯದು, ಸುಮಾರು 9.9 ಕೋಟಿ ವರ್ಷ ಹಳೆಯದು, ಅಂದರೆ ಡೈನೋಸಾರ್ ಕಾಲದ್ದು. 2018ರಲ್ಲಿ ವಿವರಿಸಿದ ಕಿಮೇರಾರ್ಯಾಕ್ನೆ ಅನ್ನೋ ಜೇಡದ ಸಂಬಂಧಿಗೆ ಉದ್ದನೆಯ ಬಾಲವೇ ಇತ್ತು. ನಮ್ಮ ಮಲೆನಾಡಿನವರ ಕಿವಿ ನೆಟ್ಟಗಾಗೋ ವಿಷಯ ಬೇರೆ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವ ಉಣುಗು ಇದೆಯಲ್ಲ, ಅದರ ಹೀಮಫೈಸಾಲಿಸ್ ಕುಲದ್ದೇ ಒಂದು ಮರಿ ಬರ್ಮಾ ಅಂಬರ್‌ನಲ್ಲಿ ಸಿಕ್ಕಿದೆ. ಗರಿಗೆ ಕಚ್ಚಿಕೊಂಡ ಇನ್ನೊಂದು ಉಣುಗೂ ಸಿಕ್ಕಿದೆ.

ನನ್ನ ತುಂಡಿನಲ್ಲಿರೋದು ಹುಸಿಚೇಳು. ಕೊಂಡಿ ಇಲ್ಲ, ಇಕ್ಕಳ ಮಾತ್ರ ಜೋರು. ಒಂದು ಇಕ್ಕಳದ ಮೇಲೆ ನಿಂತ ರೋಮ ಕೂಡ ಕಾಣುತ್ತದೆ. ಆದರೆ ಅಡ್ಡಡ್ಡ ಬಿರುಕು ಜಾಸ್ತಿ, ಬೆಳಕು ಹಿಡಿದ ಕಡೆಯೆಲ್ಲ ಪ್ರತಿಫಲನ. ಯುವಿ ಟಾರ್ಚ್ ಹಾಕಿದರೆ ಕಡುನೀಲಿ ಹೊಳೆಯುತ್ತದೆ, ಬಾಲ್ಟಿಕ್ ಅದರ ಮುಂದೆ ಮಂಕು.

ಪ್ಲಾಸ್ಟಿಕ್ ಚೇಳಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸಾಯುವ ಜೀವಿ ಎಂಟೂ ಕಾಲು ಚಾಚಿ ಸರಿಯಾಗಿ ಮಧ್ಯದಲ್ಲಿ ಕೂರುತ್ತದಾ? ಗುಳ್ಳೆ ಇಲ್ಲ, ಕಸ ಇಲ್ಲ, ಬೆರಳುದ್ದದ ಚೇಳು! ಉಪ್ಪು ಇನ್ನು ಕರಗಲ್ಲ ಅನ್ನೋಷ್ಟು ಹಾಕಿದ ನೀರಿನಲ್ಲಿ ಇದು ಮುಳುಗಿತು, ಉಳಿದ ಮೂರೂ ತೇಲಿದವು. ಕೋಪಲ್ಲೂ ತೇಲುತ್ತದೆ, ಕೆಲವು ಪ್ಲಾಸ್ಟಿಕ್ಕೂ ತೇಲುತ್ತವೆ. ಹಾಗಾಗಿ ಉಪ್ಪುನೀರೊಂದನ್ನೇ ನಂಬಬೇಡಿ.

ಜೀವಿ ಮಾತ್ರ ಲೆಕ್ಕ ಅಂದರೆ ಬರ್ಮಾದ್ದೇ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾನು ಈಗ ಅದನ್ನು ಕೊಳ್ಳುವುದಿಲ್ಲ. ನನ್ನದು ಹಳೇ ಸಂಗ್ರಹದಿಂದ ಬಂದದ್ದು. 2017ರಲ್ಲಿ ಆ ಗಣಿಗಳ ಪ್ರದೇಶವನ್ನು ಮ್ಯಾನ್ಮಾರ್ ಸೇನೆ ವಶಕ್ಕೆ ತಗೊಂಡಿತು. ಅದಾದ ಮೇಲೆ ಕೊಂಡ ಪಳೆಯುಳಿಕೆಗಳ ಬಗ್ಗೆ ಬರಹ ಪ್ರಕಟಿಸಬೇಡಿ ಅಂತ ಕಶೇರುಕ ಪಳೆಯುಳಿಕೆ ತಜ್ಞರ ಅಂತಾರಾಷ್ಟ್ರೀಯ ಸಂಘವೇ 2020ರಲ್ಲಿ ಪತ್ರಿಕೆಗಳನ್ನು ಕೇಳಿಕೊಂಡಿತು. ನನ್ನ ಓಟು ಬಾಲ್ಟಿಕ್‌ಗೆ, ಪೊರೆ ಇದ್ದರೂ ಪರವಾಗಿಲ್ಲ.

ಅಂದ ಹಾಗೆ, ಗುಜರಾತಿನ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಗಳಲ್ಲೂ 5 ಕೋಟಿ ವರ್ಷಕ್ಕೂ ಹಳೆಯ ಅಂಬರ್ ಇದೆ. ನಮ್ಮ ಘಟ್ಟದ ಸಾಲುಧೂಪದ ಮರ ಯಾವ ಕುಟುಂಬವೋ, ಆ ರಾಳವೂ ಅದೇ ಕುಟುಂಬದ್ದು. ಮಾರಾಟಕ್ಕೆ ನನಗೆ ಕಂಡಿಲ್ಲ.

ಯಾವುದೇ ಕೊಂಡರೂ ಕಿಟಕಿ ಬಳಿ ಇಡಬೇಡಿ. ಬಿಸಿಲು, ಬಿಸಿ, ಗಾಳಿ ಎಲ್ಲವೂ ಅಂಬರನ್ನು ಬಿರುಕು ಬಿಡಿಸುತ್ತವೆ. ಜಿಪ್ ಕವರ್‌ಗೆ ಹಾಕಿ ಬೀರುವಿನಲ್ಲಿಡಿ. ರಟ್ಟಿನ ಡಬ್ಬಿ ಮಾತ್ರ ಬೇಡ, ನಮ್ಮ ಆಷಾಢದ ಮಳೆಗೆ ಡಬ್ಬಿಯ ಜೊತೆ ಚೀಟಿಗೂ ಬೂಷ್ಟು ಹಿಡಿಯುತ್ತದೆ.