ಮೇಲ್ ಕಳಿಸಲು ಹೋಗಿ ಸರ್ವರ್ ಬಾಗಿಲು ತೆರೆದಿಟ್ಟೆ: ಪೋಸ್ಟ್‌ಫಿಕ್ಸ್ ಹಾಕುವವರು ನೋಡಿಕೊಳ್ಳಿ

ನಿಮ್ಮ ಲಿನಕ್ಸ್ ಸರ್ವರ್‌ನಲ್ಲಿ ಮೇಲ್ ಕಳಿಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್ ಇದ್ದರೆ ಮೊದಲು ಒಂದು ಕೆಲಸ ಮಾಡಿ. ಅದರ ಸೆಟ್ಟಿಂಗ್‌ಗಳಿರುವ ಮೇನ್ ಡಾಟ್ ಸಿಎಫ್ ಫೈಲ್ ತೆರೆದು ಮೈನೆಟ್‌ವರ್ಕ್ಸ್ ಸಾಲು ನೋಡಿ. ಅಲ್ಲಿ 0.0.0.0/0 ಅಂತ ಇದ್ದರೆ ಈಗಲೇ ತೆಗೆದು ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಶಿರಸಿಯಲ್ಲಿರುವ ನಮ್ಮ ಅತ್ತಿಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ತಿಂಗಳ ಬಾಡಿಗೆಯ ಒಂದು ಉಬುಂಟು ಸರ್ವರ್, ಅದರಲ್ಲಿ ಡಾಕರ್ ಕಂಟೇನರ್ (ಪ್ರೋಗ್ರಾಂ ಬೇರೆಯಾಗಿ ಓಡುವ ಪೆಟ್ಟಿಗೆಯಂಥದ್ದು) ಒಳಗೆ ಅಂಗಡಿ. ಆರ್ಡರ್ ಬಂದ ಕೂಡಲೇ ಗಿರಾಕಿಗೊಂದು, ಅತ್ತಿಗೆಗೊಂದು ಮೇಲ್ ಹೋಗಬೇಕಿತ್ತು, ಅಷ್ಟೇ. ಹೊರಗಿನಿಂದ ಯಾವ ಮೇಲೂ ಆ ಸರ್ವರ್‌ಗೆ ಬರಬೇಕಿರಲಿಲ್ಲ.

ಒಂದು ಶುಕ್ರವಾರ ರಾತ್ರಿ ಪೋಸ್ಟ್‌ಫಿಕ್ಸ್ ಹಾಕಿದೆ. ಯಾವ ಬಗೆಯ ಮೇಲ್ ಸೆಟ್ಟಿಂಗ್ ಬೇಕು ಅಂತ ಅದು ಕೇಳಿದಾಗ ‘ಇಂಟರ್ನೆಟ್ ಸೈಟ್’ ಆರಿಸಿದೆ. ಸರ್ವರ್‌ನಿಂದ ನೇರವಾಗಿ ಕಳಿಸಿದ ಮೇಲ್ ಹೋಯಿತು. ಕಂಟೇನರ್‌ನಿಂದ ಕಳಿಸಿದರೆ ಮಾತ್ರ ‘ರಿಲೇ ಆಕ್ಸೆಸ್ ಡಿನೈಡ್’, ಅಂದರೆ ನಿಮ್ಮ ಮೇಲನ್ನು ಮುಂದೆ ಸಾಗಿಸುವುದಿಲ್ಲ ಅಂತ ವಾಪಸ್. ಕಾರಣ ಸರಳ. ಮೈನೆಟ್‌ವರ್ಕ್ಸ್‌ನಲ್ಲಿ ಆಗ ಇದ್ದದ್ದು ಸರ್ವರ್‌ನ ಸ್ವಂತ 127.0.0.0/8 ವಿಳಾಸಗಳು ಮಾತ್ರ. ಕಂಟೇನರ್ ಬರುತ್ತಿದ್ದದ್ದು 172.18ರಿಂದ ಶುರುವಾಗುವ ವಿಳಾಸದಿಂದ. ಪೋಸ್ಟ್‌ಫಿಕ್ಸ್‌ಗೆ ಅದು ಹೊರಗಿನವರು.

ರಾತ್ರಿ ಒಂದು ಗಂಟೆ ಆಗಿತ್ತು. ಎಲ್ಲೋ ಓದಿದ ಸಲಹೆಯಂತೆ ಮೈನೆಟ್‌ವರ್ಕ್ಸ್‌ಗೆ 0.0.0.0/0 ಸೇರಿಸಿದೆ. ಮೇಲ್ ಅಂದರೆ 25ನೇ ಪೋರ್ಟ್ (ಸರ್ವರ್‌ನ ನಂಬರ್ ಇರುವ ಬಾಗಿಲು) ಅಲ್ವಾ ಅಂದುಕೊಂಡು ಫೈರ್‌ವಾಲ್‌ನಲ್ಲಿ ಅದನ್ನೂ ತೆರೆದೆ. ಮೇಲ್ ಹೋಯಿತು. ಖುಷಿಯಿಂದ ಮಲಗಿದೆ.

ಮೈನೆಟ್‌ವರ್ಕ್ಸ್ ಸಾಲಿನ ಅರ್ಥ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ‘ಈ ವಿಳಾಸದವರು ನಮ್ಮವರು, ಪಾಸ್‌ವರ್ಡ್ ಕೇಳಬೇಡ, ಇವರು ಕೊಟ್ಟ ಮೇಲನ್ನು ಯಾರಿಗೆ ಬೇಕಾದರೂ ತಲುಪಿಸು’ ಅಂತ ಅದು ಪೋಸ್ಟ್‌ಫಿಕ್ಸ್‌ಗೆ ಹೇಳುತ್ತದೆ. 0.0.0.0/0 ಅಂದರೆ ಇಡೀ ಐಪಿವಿ4 ಲೋಕ. ನಾನು ಲೋಕದವರನ್ನೆಲ್ಲ ಮನೆಯವರು ಅಂತ ಬರೆದುಕೊಟ್ಟಿದ್ದೆ. ಇದನ್ನೇ ಓಪನ್ ರಿಲೇ ಅನ್ನುತ್ತಾರೆ. ಇಂಥ ಸರ್ವರ್‌ಗಳನ್ನು ಹುಡುಕಲು ಸ್ಪ್ಯಾಮ್ ಕಳಿಸುವವರ ಪ್ರೋಗ್ರಾಂಗಳು ಹಗಲೂ ರಾತ್ರಿ ತಿರುಗುತ್ತಿರುತ್ತವೆ. ನಮ್ಮದು ಚಿಕ್ಕ ಅಂಗಡಿ, ನಮ್ಮ ಕಡೆ ಯಾರು ನೋಡುತ್ತಾರೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅವರಿಗೆ ಅಂಗಡಿ ಬೇಕಿಲ್ಲ, ನಿಮ್ಮ ಐಪಿ ಬೇಕು.

ಭಾನುವಾರ ಬೆಳಗ್ಗೆ ಸರ್ವರ್ ಬಾಡಿಗೆಗೆ ಕೊಟ್ಟವರಿಂದ ನೋಟಿಸ್ ಬಂತು. ನಿಮ್ಮ ಐಪಿಯಿಂದ ಸ್ಪ್ಯಾಮ್ ಹೋಗುತ್ತಿದೆ, 24 ಗಂಟೆಯಲ್ಲಿ ಸರಿಮಾಡದಿದ್ದರೆ ಸರ್ವರ್ ಬಂದ್. ಸರದಿಯಲ್ಲಿರುವ ಮೇಲ್ ತೋರಿಸುವ ಮೇಲ್‌ಕ್ಯೂ ಕಮಾಂಡ್ ಕೊಟ್ಟರೆ ಪರದೆ ಓಡುತ್ತಲೇ ಇತ್ತು. ಕೊನೆಯ ಸಾಲಿನಲ್ಲಿ 30 ಸಾವಿರಕ್ಕೂ ಜಾಸ್ತಿ ಮೇಲ್ ಇನ್ನೂ ಸರದಿಯಲ್ಲಿವೆ ಅಂತ ಇತ್ತು. ಅಷ್ಟರಲ್ಲಿ ಹೋಗಿದ್ದವು ಎಷ್ಟೋ. ಯಾರದೋ ಬ್ಯಾಂಕ್ ಹೆಸರಿನ ಮೋಸದ ಮೇಲ್‌ಗಳವು. ಅವನ್ನು ನಂಬಿ ಯಾರಾದರೂ ದುಡ್ಡು ಕಳೆದುಕೊಂಡರೇನೋ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ಅಲ್ಲಿ ಇನ್ನೊಂದು ತಪ್ಪು ಮಾಡಿದೆ. ಗಾಬರಿಯಲ್ಲಿ ಪೋಸ್ಟ್‌ಸೂಪರ್ ಕಮಾಂಡ್‌ನಿಂದ ಸರದಿಯನ್ನೆಲ್ಲ ಅಳಿಸಿದೆ. ಅದರಲ್ಲಿ ಅತ್ತಿಗೆಯ ಮೂರು ನಿಜವಾದ ಆರ್ಡರ್ ಮೇಲ್ ಕೂಡ ಹೋದವು. ನೀವು ಹಾಗೆ ಮಾಡಬೇಡಿ. ಅದೇ ಕಮಾಂಡ್‌ನಲ್ಲಿ ಎಲ್ಲವನ್ನೂ ಹೋಲ್ಡ್‌ಗೆ ಹಾಕುವ ದಾರಿ ಇದೆ. ಮೊದಲು ತಡೆಹಿಡಿಯಿರಿ, ನಿಮ್ಮದನ್ನು ಹುಡುಕಿ ಬಿಡಿಸಿಕೊಳ್ಳಿ, ಉಳಿದದ್ದನ್ನು ಅಳಿಸಿ.

ಬಾಗಿಲು ಮುಚ್ಚಿದರೂ ತೊಂದರೆ ಮುಗಿಯಲಿಲ್ಲ. ಸ್ಪ್ಯಾಮ್ ಬರುವ ಐಪಿಗಳ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್ ಅನ್ನುವ ಸಂಸ್ಥೆಯ ಪಟ್ಟಿಗೆ ನಮ್ಮ ಐಪಿ ಸೇರಿತ್ತು. ತಪ್ಪು ಸರಿಮಾಡಿ ಕೇಳಿಕೊಂಡ ಮೇಲೆ ತೆಗೆದರು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೊಡಿ, ಸ್ಪ್ಯಾಮ್‌ಹೌಸ್ ಪಟ್ಟಿಯಿಂದ ತೆಗೆಸಿಕೊಡುತ್ತೇವೆ ಅನ್ನುವವರನ್ನು ನಂಬಬೇಡಿ. ಆದರೆ ಜಿಮೇಲ್ ವಾರಗಟ್ಟಲೆ ನಮ್ಮ ಮೇಲ್‌ಗಳನ್ನು ಸ್ಪ್ಯಾಮ್ ಡಬ್ಬಿಗೇ ಹಾಕಿತು. ‘ದುಡ್ಡು ಕಟ್ಟಿದೀನಿ, ಆರ್ಡರ್ ಬಂತೋ ಇಲ್ವೋ’ ಅಂತ ಗಿರಾಕಿಗಳು ಅತ್ತಿಗೆಗೆ ಫೋನ್ ಮಾಡುತ್ತಿದ್ದರು. ಹಪ್ಪಳ ಒತ್ತುವ ಕೈ ಬಿಟ್ಟು ಅವರು ಒಬ್ಬೊಬ್ಬರಿಗೂ ಸಮಾಧಾನ ಹೇಳಬೇಕಾಯಿತು.

ನಾನು ತಿಳಿಯದೆ ಹೋದ ಮುಖ್ಯ ಸಂಗತಿ ಇದು. ಮೇಲ್ ಕಳಿಸುವಾಗ ನಿಮ್ಮ ಸರ್ವರ್ ಬೇರೆಯವರ 25ನೇ ಪೋರ್ಟ್‌ಗೆ ಹೋಗುತ್ತದೆ. ನಿಮ್ಮ 25 ಹೊರಗಿನವರಿಗೆ ತೆರೆದಿರಬೇಕಾಗಿಲ್ಲ. ಬರೀ ಕಳಿಸುವ ಸರ್ವರ್ ಆದರೆ ಮೇನ್ ಡಾಟ್ ಸಿಎಫ್‌ನ ಐನೆಟ್ ಇಂಟರ್‌ಫೇಸಸ್ ಸಾಲಿನಲ್ಲಿ ಲೂಪ್‌ಬ್ಯಾಕ್ ಓನ್ಲಿ (ಈ ಸರ್ವರ್ ಒಳಗಿನಿಂದ ಬಂದದ್ದನ್ನು ಮಾತ್ರ ತೆಗೆದುಕೋ) ಅಂತ ಹಾಕಿ. ನಮ್ಮ ಹಾಗೆ ಡಾಕರ್ ಕಂಟೇನರ್‌ನಿಂದ ಮೇಲ್ ಬರಬೇಕಿದ್ದರೆ ಅದು ನಡೆಯುವುದಿಲ್ಲ; ಮೈನೆಟ್‌ವರ್ಕ್ಸ್‌ಗೆ ಆ ಒಂದು ಡಾಕರ್ ನೆಟ್‌ವರ್ಕ್‌ನ ವಿಳಾಸಗಳನ್ನಷ್ಟೇ ಸೇರಿಸಿ, ಹೊರಗಿನಿಂದ 25ನ್ನು ಮುಚ್ಚಿ. ಪೋಸ್ಟ್‌ಫಿಕ್ಸನ್ನೇ ಕಂಟೇನರ್ ಒಳಗಿಟ್ಟು ಪೋರ್ಟ್ ಹೊರಗೆ ಬಿಟ್ಟಿದ್ದರೆ ಇನ್ನೂ ಹುಷಾರು. ಹಾಗೆ ಬಿಟ್ಟ ಪೋರ್ಟ್‌ಗಳಿಗೆ ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಹಾಕಿದ ತಡೆ ತಾಗುವುದಿಲ್ಲ, ಡಾಕರ್ ಅದನ್ನು ದಾಟಿ ಹೋಗುತ್ತದೆ.

ಮುಚ್ಚಿದೆಯೋ ಇಲ್ಲವೋ ಅಂತ ಮನೆಯ ಇಂಟರ್ನೆಟ್‌ನಿಂದ ನೋಡಿದರೆ ಸಾಲದು. ನಾನು ಹಾಗೆ ನೋಡಿಯೇ ಮೋಸಹೋದೆ. ಮನೆ ಲೈನ್ ಕೊಡುವ ಎಷ್ಟೋ ಕಂಪನಿಗಳು 25ನ್ನು ತಾವೇ ತಡೆದಿರುತ್ತವೆ. ತೆರೆದಿದ್ದರೂ ಮುಚ್ಚಿದಂತೆ ಕಾಣುತ್ತದೆ. ಬೇರೊಂದು ಸರ್ವರ್‌ನಿಂದ ಪರೀಕ್ಷಿಸಿ.

ಈಗ ನಮ್ಮ ಪೋಸ್ಟ್‌ಫಿಕ್ಸ್ ನೇರವಾಗಿ ಯಾರಿಗೂ ಕಳಿಸುವುದಿಲ್ಲ. ರಿಲೇಹೋಸ್ಟ್ ಸಾಲಿನಲ್ಲಿ ಒಂದು ಮೇಲ್ ಸೇವೆಯ ಹೆಸರಿದೆ. 587ನೇ ಪೋರ್ಟ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಅವರ ಮೂಲಕ ಹೋಗುತ್ತದೆ. ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ, ಮೇಲ್ ನಿಜಕ್ಕೂ ನಮ್ಮದೇ ಅಂತ ಪಡೆಯುವವರು ಪರೀಕ್ಷಿಸಲು ನೆರವಾಗುವ ದಾಖಲೆ ಹಾಕಿದ್ದೇನೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು.

ಅಳಿಸಿಹೋದ ಆ ಮೂರು ಆರ್ಡರ್‌ಗಳ ವಿವರ ಡೇಟಾಬೇಸ್‌ನಲ್ಲಿ ಸಿಕ್ಕಿತು. ಅತ್ತಿಗೆ ಮೂವರಿಗೂ ತಾವೇ ಫೋನ್ ಮಾಡಿ, ಹಪ್ಪಳದ ಜೊತೆ ಒಂದೊಂದು ಬಾಟಲಿ ಉಪ್ಪಿನಕಾಯಿ ಇಟ್ಟು ಕಳಿಸಿದರು.